ಅಗಲ ಚಕ್ರ ಬೇಕೇ? ಮೊದಲು ಟೇಪು ಹಿಡಿಯಿರಿ

ಮನೆಯಲ್ಲಿ ಹಳೆಯ ಕಾರೊಂದಿದ್ದು, ಅದರ ಕೀಲಿ ಕೈಗೆ ಬಂತೆಂದರೆ ನಮ್ಮ ವಯಸ್ಸಿನವರ ಕಣ್ಣು ಮೊದಲು ಬೀಳುವುದು ಚಕ್ರಗಳ ಮೇಲೆ. ಬಾಡಿ ಗಟ್ಟಿಯಾಗಿದೆ, ಎಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ, ಸೀಟು ಹರಿದಿಲ್ಲ. ಆದರೆ ಆ ಸಣಕಲು ಚಕ್ರಗಳು! ದೊಡ್ಡವರ ಚಪ್ಪಲಿ ಹಾಕಬೇಕಾದ ಕಾಲಿಗೆ ಮಗುವಿನ ಚಪ್ಪಲಿ ಹಾಕಿದಂತೆ ಕಾಣುತ್ತವೆ. ಸ್ವಲ್ಪ ಅಗಲದ ಚಕ್ರ ಹಾಕಿಸಿದರೆ ಕಾರು ನೆಲ ಕಚ್ಚಿ ನಿಂತಂತೆ ಕಾಣಬಹುದು, ತಿರುವಿನಲ್ಲಿ ಹಿಡಿತವೂ ಸಿಗಬಹುದು ಎಂಬ ಆಸೆ ಹುಟ್ಟುವುದು ಸಹಜ.

ಈ ಆಸೆಯನ್ನು ಮನೆಯಲ್ಲಿ ಹೇಳಿದರೆ ಎರಡು ಉತ್ತರ ಸಿಗುತ್ತವೆ. ಹಿರಿಯರು ‘ಕಂಪನಿಯವರಿಗಿಂತ ನೀನು ಬುದ್ಧಿವಂತನಾ? ಇದ್ದ ಹಾಗೆ ಬಿಡು’ ಎನ್ನುತ್ತಾರೆ. ಗೆಳೆಯರು ‘ಅಲಾಯ್ ಹಾಕಿಸು ಮಗಾ, ಮಸ್ತ್ ಕಾಣುತ್ತೆ’ ಎನ್ನುತ್ತಾರೆ. ಮೊದಲನೆಯವರು ಅಳತೆಯನ್ನು ಕೇಳುವುದಿಲ್ಲ, ಎರಡನೆಯವರಿಗೆ ಅಳತೆ ಬೇಕಿಲ್ಲ. ನನ್ನ ಅಭಿಪ್ರಾಯ ಇವೆರಡರ ನಡುವೆ ಇದೆ. ಹಳೆಯ ಕಾರಿಗೆ ಕೊಂಚ ಅಗಲದ ಸ್ಟೀಲ್ ಚಕ್ರ ಹುಡುಕುವುದು ತಪ್ಪಲ್ಲ, ಅದೊಂದು ಒಳ್ಳೆಯ ಕೆಲಸವೇ. ಆದರೆ ಅದನ್ನು ಕಣ್ಣಿನಿಂದ ಹುಡುಕಬಾರದು, ಟೇಪಿನಿಂದ ಹುಡುಕಬೇಕು. ಕಾರ್ಖಾನೆಯಲ್ಲೇ ತಯಾರಾದ ರಿಮ್ ಆಗಿರಬೇಕು. ಬೇಡವೆನಿಸಿದ ದಿನ ನಾಲ್ಕು ನಟ್ ಬಿಚ್ಚಿ ಹಳೆಯ ಚಕ್ರವನ್ನೇ ಹಾಕುವಂತಿರಬೇಕು. ಈ ಮೂರೂ ಆಗದಿದ್ದರೆ ಆ ಹಣವನ್ನು ನಾಲ್ಕು ಒಳ್ಳೆಯ ಹೊಸ ಟೈರುಗಳಿಗೆ ಹಾಕುವುದು ಮೇಲು.

ನಮ್ಮ ಕಾಲದ ಹಳೆ ಕಾರು

ಹಳೆ ಕಾರು ಎಂದರೆ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ನೆನಪಾಗುತ್ತವೆ. ಆದರೆ ನಮ್ಮ ತಲೆಮಾರಿನವರ ಕೈಗೆ ನಿಜವಾಗಿ ಬಂದಿರುವ ಹಳೆ ಕಾರು ಮಾರುತಿ 800. ದೆಹಲಿಯ ಹರ್‌ಪಾಲ್ ಸಿಂಗ್ ಎಂಬುವರಿಗೆ ಆಗಿನ ಪ್ರಧಾನಿ ಇಂದಿರಾ ಗಾಂಧಿ ಮೊದಲ ಕಾರಿನ ಕೀಲಿ ಕೊಟ್ಟದ್ದು 1983ರ ಡಿಸೆಂಬರ್ 14ರಂದು. ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಅದೇ ವರ್ಷ ಅಂಬಾಸಿಡರ್ ಕೂಡ ನಿಂತಿತು. ಮೂವತ್ತು ವರ್ಷಗಳಲ್ಲಿ ದೇಶದಲ್ಲಿ 25 ಲಕ್ಷಕ್ಕೂ ಹೆಚ್ಚು 800ಗಳು ಮಾರಾಟವಾದವು. ಮೇಷ್ಟರ ಮನೆ, ಬ್ಯಾಂಕ್ ನೌಕರರ ಮನೆ, ತೋಟದ ಮನೆ, ಎಲ್ಲ ಕಡೆಯೂ ಮೊದಲ ಕಾರು ಅದೇ.

ನಾನೀಗ ಓಡಿಸುತ್ತಿರುವುದೂ ನನ್ನ ಸೋದರಮಾವ ಬಿಟ್ಟುಕೊಟ್ಟ 800. ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತಿರುವ ನನ್ನಂಥವನಿಗೆ ಹೊಸ ಕಾರು ಕನಸಿನ ಮಾತು. ಇದರ ಟೈರಿನ ಮೇಲೆ ‘145/70 ಆರ್ 12’ ಎಂದು ಅಚ್ಚಾಗಿದೆ. ಟೈರಿನ ಅಗಲ 145 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ 70, ರಿಮ್‌ನ ವ್ಯಾಸ 12 ಇಂಚು ಎಂದು ಅದರ ಅರ್ಥ. ನಮ್ಮ ತಾಲ್ಲೂಕಿನ ರಸ್ತೆಗಳಲ್ಲಿ 12 ಇಂಚಿನ ಚಕ್ರ ಗುಂಡಿಗೆ ಇಳಿದರೆ ಬೆನ್ನುಮೂಳೆಗೇ ಗೊತ್ತಾಗುತ್ತದೆ. ಅಂಗಡಿಯಲ್ಲಿ ಈ ಅಳತೆಯ ಟೈರಿಗೆ ಆಯ್ಕೆಯೂ ಕಡಿಮೆ. ಹಾಗಾಗಿ ಅಗಲದ, ಸಾಧ್ಯವಾದರೆ ಒಂದು ಇಂಚು ದೊಡ್ಡ ಚಕ್ರ ಹುಡುಕುವ ಯೋಚನೆಗೆ ಬರೀ ಅಂದವೇ ಕಾರಣವಲ್ಲ.

ಕುತೂಹಲದ ವಿಷಯವೊಂದಿದೆ. ಇದೇ 145/70 ಆರ್ 12 ಅಳತೆಯ ಟೈರು ಬ್ರಿಟನ್ನಿನ ಮಿನಿ ಕಾರಿಗೂ 1984ರಿಂದ ಬಂತು. ಅದಕ್ಕೂ ಮೊದಲು, 1959ರಲ್ಲಿ ಹುಟ್ಟಿದ ಮಿನಿಗೆ ಇದ್ದದ್ದು 10 ಇಂಚು ವ್ಯಾಸದ, ಮೂರೂವರೆ ಇಂಚು ಅಗಲದ ಸ್ಟೀಲ್ ಚಕ್ರ. 1963ರಲ್ಲಿ ಕೂಪರ್ ಎಸ್ ಎಂಬ ಮಾದರಿ ಬಂದಾಗ ಹೆಚ್ಚುವರಿಯಾಗಿ ಬೇಕೆಂದವರಿಗೆ ನಾಲ್ಕೂವರೆ ಇಂಚು ಅಗಲದ ಸ್ಟೀಲ್ ಚಕ್ರವನ್ನು ಕಂಪನಿಯೇ ಕೊಟ್ಟಿತು. ಹೆಚ್ಚಿಸಿದ್ದು ಒಂದೇ ಒಂದು ಇಂಚು. 1964, 1965, 1967ರಲ್ಲಿ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದ ಪುಟ್ಟ ಕಾರು ಅದು. ಇಂದಿಗೂ ಮಿನಿ ಇಟ್ಟುಕೊಂಡವರು ಆ ಅಗಲದ ಸ್ಟೀಲ್ ಚಕ್ರಕ್ಕಾಗಿ ಹುಡುಕಾಡುತ್ತಾರೆ. ಅದೇ ಮಾದರಿಯಲ್ಲಿ ಹೊಸದಾಗಿ ಮಾಡಿ ಮಾರುವವರೂ ಇದ್ದಾರೆ. ಫೋರ್ಡ್ ಕಾರ್ಟಿನಾ ಇಟ್ಟುಕೊಂಡವರು ಹುಡುಕುವುದು ಅದರ ಲೋಟಸ್ ಮಾದರಿಗೆ ಬಂದಿದ್ದ ಐದೂವರೆ ಇಂಚಿನ ಸ್ಟೀಲ್ ಚಕ್ರವನ್ನು. ಇದರಿಂದ ನಾವು ಕಲಿಯಬೇಕಾದ ಪಾಠ ಒಂದೇ. ಅಗಲದ ಚಕ್ರ ಬೇಕೆಂದರೆ ನಿಮ್ಮ ಕಾರಿನ ಅಣ್ಣತಮ್ಮಂದಿರನ್ನು ಮೊದಲು ನೋಡಿ. ಅದೇ ಕಂಪನಿಯ ಕೊಂಚ ದೊಡ್ಡ ಕಾರಿನಲ್ಲಿ ನಿಮಗೆ ಬೇಕಾದದ್ದು ಇರಬಹುದು.

800ಕ್ಕೆ ಅಂಥ ಅಣ್ಣ ಮಾರುತಿ ಝೆನ್. ಅದಕ್ಕೆ 13 ಇಂಚಿನ ಸ್ಟೀಲ್ ಚಕ್ರ. ಎರಡಕ್ಕೂ ನಟ್ ಕೂರುವ ವೃತ್ತದ ಅಳತೆ ಒಂದೇ. ಹಾಗಾಗಿಯೇ 800ಕ್ಕೆ ಝೆನ್ ಚಕ್ರ ಹಾಕುವ ರೂಢಿ ಹಳೆಯದು. ಆದರೆ ‘ಕೂರುತ್ತದೆ’ ಎನ್ನುವುದಕ್ಕೂ ‘ಸರಿಯಾಗಿದೆ’ ಎನ್ನುವುದಕ್ಕೂ ನಡುವೆ ಇನ್ನೂ ನಾಲ್ಕು ಅಳತೆಗಳಿವೆ.

ಐದು ಅಳತೆ, ಒಂದು ಟೇಪು

ಮೊದಲನೆಯದು ಪಿಸಿಡಿ. ನಟ್‌ಗಳ ತೂತುಗಳ ಮಧ್ಯಬಿಂದುಗಳ ಮೂಲಕ ಒಂದು ವೃತ್ತ ಎಳೆದರೆ ಅದರ ವ್ಯಾಸವೇ ಪಿಸಿಡಿ. ನಾಲ್ಕು ತೂತಿನ ಚಕ್ರದಲ್ಲಿ ಎದುರುಬದುರಿನ ಎರಡು ತೂತುಗಳ ನಡುವಿನಿಂದ ನಡುವಿಗೆ ಅಳೆದರೆ ಸಾಕು. 800 ಮತ್ತು ಝೆನ್‌ನಲ್ಲಿ ಅದು 114.3 ಮಿಲಿಮೀಟರ್, ಅಂದರೆ ನಾಲ್ಕೂವರೆ ಇಂಚು. ಸ್ಯಾಂಟ್ರೊದಲ್ಲಿ 100. ಫೋರ್ಡ್ ಐಕಾನ್‌ನಲ್ಲಿ 108. ಫಿಯೆಟ್ ಯೂನೊದಲ್ಲಿ 98. ಎಲ್ಲದರಲ್ಲೂ ನಾಲ್ಕೇ ತೂತು. ಗುಜರಿಯಲ್ಲಿ ಒಂದರ ಮೇಲೊಂದು ಪೇರಿಸಿಟ್ಟಾಗ ಎಲ್ಲವೂ ಒಂದೇ ತರಹ ಕಾಣುತ್ತವೆ. 98ರ ಹಬ್‌ಗೆ 100ರ ರಿಮ್ಮನ್ನು ಒತ್ತಿ ಕೂರಿಸಿ ನಟ್ ಬಿಗಿದರೆ ಬಿಗಿಯಾದಂತೆ ಅನಿಸುತ್ತದೆ. ಆದರೆ ನಟ್ಟಿನ ಶಂಕುವಿನಾಕಾರದ ಮೂತಿ ತನ್ನ ಕುಳಿಯಲ್ಲಿ ಓರೆಯಾಗಿ ಕೂತಿರುತ್ತದೆ. ಓಡುತ್ತಾ ಓಡುತ್ತಾ ನಟ್ ಸಡಿಲವಾಗುತ್ತದೆ, ಸ್ಟಡ್ ಬಳಲುತ್ತದೆ. ಎರಡು ಮಿಲಿಮೀಟರ್ ತಾನೇ ಎಂದು ಹೇಳುವ ಅಂಗಡಿಯವನ ಬಳಿ ಏನನ್ನೂ ಕೊಳ್ಳಬೇಡಿ.

ಎರಡನೆಯದು ರಿಮ್‌ನ ಅಗಲ. ಇದನ್ನು ಹೊರ ಅಂಚಿನಿಂದ ಹೊರ ಅಂಚಿಗೆ ಅಳೆಯುವುದಲ್ಲ. ಟೈರಿನ ಅಂಚು ಕೂರುವ ಜಾಗದಲ್ಲಿ, ಎರಡು ತುಟಿಗಳ ಒಳಮೈಗಳ ನಡುವೆ ಅಳೆಯಬೇಕು. ಹೊರಗಿನಿಂದ ಅಳೆದರೆ ಹೆಚ್ಚುಕಡಿಮೆ ಒಂದು ಇಂಚು ಜಾಸ್ತಿ ಬರುತ್ತದೆ. ನಾಲ್ಕೂವರೆ ಇಂಚಿನ ರಿಮ್ಮನ್ನು ‘ಐದೂವರೆ ಇಂಚು’ ಎಂದು ಮಾರುವುದು ಹೀಗೆಯೇ. ಒಳ್ಳೆಯ ಸ್ಟೀಲ್ ರಿಮ್‌ನಲ್ಲಿ ಅಳತೆಯನ್ನು ಲೋಹದ ಮೇಲೆಯೇ ಒತ್ತಿರುತ್ತಾರೆ. ‘4½ ಜೆ × 13’ ಎಂದಿದ್ದರೆ ಅಗಲ ನಾಲ್ಕೂವರೆ ಇಂಚು, ವ್ಯಾಸ ಹದಿಮೂರು ಇಂಚು, ‘ಜೆ’ ಎಂಬುದು ತುಟಿಯ ಆಕಾರದ ಹೆಸರು. ತಂತಿ ಬ್ರಶ್ಶಿನಿಂದ ತುಕ್ಕು ಉಜ್ಜಿ ಈ ಅಂಕಿಯನ್ನು ಓದಿ. ಅಂಕಿಯೇ ಇಲ್ಲದ ರಿಮ್ ಎಲ್ಲಿಯದು, ಯಾರು ಮಾಡಿದ್ದು ಎಂದು ಯಾರಿಗೂ ಹೇಳಲಾಗದು.

ಮೂರನೆಯದು ಆಫ್‌ಸೆಟ್. ಹೆಚ್ಚಿನವರು ಎಡವುವುದು ಇಲ್ಲೇ. ರಿಮ್‌ನ ಅಗಲದ ನಡುಗೆರೆಯಿಂದ ಹಬ್‌ಗೆ ತಾಗುವ ತಟ್ಟೆಯವರೆಗಿನ ದೂರವೇ ಆಫ್‌ಸೆಟ್. ಅಳೆಯುವುದು ಕಷ್ಟವೇನಿಲ್ಲ. ಟೈರಿಲ್ಲದ ರಿಮ್ಮನ್ನು ಮುಖ ಕೆಳಗಾಗಿ ಮಲಗಿಸಿ. ಹಿಂಬದಿಯ ಅಂಚಿನ ಮೇಲೆ ನೇರವಾದ ಪಟ್ಟಿಯೊಂದನ್ನು ಅಡ್ಡ ಇಡಿ. ಪಟ್ಟಿಯಿಂದ ಹಬ್ ತಟ್ಟೆಯವರೆಗಿನ ಆಳ ಅಳೆಯಿರಿ. ಆ ಆಳದಿಂದ ರಿಮ್‌ನ ಹೊರಗಿನ ಒಟ್ಟು ಅಗಲದ ಅರ್ಧವನ್ನು ಕಳೆಯಿರಿ. ಉದಾಹರಣೆಗೆ ಹೊರಗಿನ ಅಗಲ 140 ಮಿಲಿಮೀಟರ್, ಆಳ 110 ಎಂದಿಟ್ಟುಕೊಳ್ಳಿ. 110ರಲ್ಲಿ 70 ಕಳೆದರೆ 40. ಅದೇ ಆಫ್‌ಸೆಟ್.

ಇದೇಕೆ ಮುಖ್ಯ? ರಿಮ್ ಒಂದು ಇಂಚು ಅಗಲವಾಗಿ, ಆಫ್‌ಸೆಟ್ ಹಾಗೆಯೇ ಉಳಿದರೆ ಒಳಗೆ ಅರ್ಧ ಇಂಚು, ಹೊರಗೆ ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್‌ನಷ್ಟು ಚಾಚುತ್ತದೆ. ಒಳಗಡೆ ಸಸ್ಪೆನ್ಶನ್ನಿನ ಸ್ಟ್ರಟ್ ಇದೆ, ಬ್ರೇಕ್ ಪೈಪ್ ಇದೆ. ಹೊರಗಡೆ ಮಡ್‌ಗಾರ್ಡ್ ಇದೆ. ಆಫ್‌ಸೆಟ್ 40ರ ಬದಲು 30 ಆದರೆ ಇನ್ನೂ 10 ಮಿಲಿಮೀಟರ್ ಹೊರಕ್ಕೆ ಹೋಗಿ ಒಟ್ಟು 22.7 ಆಗುತ್ತದೆ. ಚಕ್ರ ಹೊರಕ್ಕೆ ಬಂದಷ್ಟೂ ನೋಡಲು ಚೆಂದ, ಆದರೆ ಬೇರಿಂಗ್ ಮೇಲಿನ ಹೊರೆ ಬದಲಾಗುತ್ತದೆ, ಸ್ಟೀರಿಂಗ್ ಭಾರವಾಗುತ್ತದೆ. 800ಕ್ಕೆ ಪವರ್ ಸ್ಟೀರಿಂಗ್ ಇಲ್ಲ. ಸಂತೆ ದಿನ ಕಿಕ್ಕಿರಿದ ಬೀದಿಯಲ್ಲಿ ಕಾರು ತಿರುಗಿಸಿದಾಗ ತೋಳಿಗೆ ಉತ್ತರ ಸಿಗುತ್ತದೆ.

ನಾಲ್ಕನೆಯದು ನಡುವಿನ ದೊಡ್ಡ ತೂತು. ಅದು ಹಬ್‌ನ ಉಬ್ಬಿಗಿಂತ ಚಿಕ್ಕದಾದರೆ ಚಕ್ರ ಪೂರ್ತಿ ಒಳಗೆ ಕೂರುವುದಿಲ್ಲ. ತೂತನ್ನು ಗ್ರೈಂಡರ್‌ನಲ್ಲಿ ಅಂದಾಜಿಗೆ ಕೊರೆದು ದೊಡ್ಡದು ಮಾಡುವವರಿದ್ದಾರೆ, ಬೇಡ. ಐದನೆಯದು ಟೈರಿನ ಒಟ್ಟು ವ್ಯಾಸ. 145/70 ಆರ್ 12ರ ವ್ಯಾಸ ಲೆಕ್ಕ ಹಾಕಿದರೆ ಸುಮಾರು 508 ಮಿಲಿಮೀಟರ್. 145/70 ಆರ್ 13 ಹಾಕಿದರೆ 533. ಶೇ 5ರಷ್ಟು ದೊಡ್ಡದು. ಮೀಟರ್ 80 ತೋರಿಸುವಾಗ ಕಾರು ಹಿಂದಿಗಿಂತ ಶೇ 5ರಷ್ಟು ವೇಗವಾಗಿ, ಅಂದರೆ 84ರ ಲೆಕ್ಕದಲ್ಲಿ ಓಡುತ್ತಿರುತ್ತದೆ. 155/65 ಆರ್ 13 ಆದರೆ 532, ಅದೂ ಹೆಚ್ಚುಕಡಿಮೆ ಅಷ್ಟೇ. 12 ಇಂಚಿನಲ್ಲೇ ಉಳಿದು 165/60 ಹಾಕಿದರೆ 503, ಅಂದರೆ ಶೇ 1ರಷ್ಟು ಮಾತ್ರ ಕಡಿಮೆ. ಲೆಕ್ಕದಲ್ಲಿ ಇದು ಚೆನ್ನ. ಆದರೆ ಆ ಟೈರು ನಮ್ಮ ಊರಿನ ಅಂಗಡಿಯಲ್ಲಿ ಸಿಗಬೇಕಲ್ಲ?

ಅದಕ್ಕೇ ನನ್ನದೊಂದು ನಿಯಮ: ಮೊದಲು ಟೈರು, ಆಮೇಲೆ ರಿಮ್. ರಿಮ್ ಕೊಂಡು ಟೈರು ಸಿಗದೆ ಕೂರುವುದಕ್ಕಿಂತ, ಯಾವ ಟೈರು ಸುಲಭವಾಗಿ ಸಿಗುತ್ತದೆಂದು ಎರಡು ಮೂರು ಅಂಗಡಿಗಳಲ್ಲಿ ಕೇಳಿ, ಆ ಟೈರಿಗೆ ಎಷ್ಟರಿಂದ ಎಷ್ಟು ಅಗಲದ ರಿಮ್ ಆಗಬಹುದೆಂದು ಟೈರು ಕಂಪನಿಯ ಪಟ್ಟಿಯಲ್ಲಿ ನೋಡಿ, ಆಮೇಲೆ ರಿಮ್ ಹುಡುಕಲು ಹೊರಡಿ. ಟೈರಿನ ಮೇಲಿನ ಭಾರದ ಸಂಖ್ಯೆಯನ್ನೂ ನೋಡಿ. 69 ಎಂದಿದ್ದರೆ ಒಂದು ಟೈರು 325 ಕಿಲೋ ಹೊರಬಲ್ಲದು, 73 ಎಂದಿದ್ದರೆ 365 ಕಿಲೋ. ಹೊಸದರ ಸಂಖ್ಯೆ ಹಳೆಯದಕ್ಕಿಂತ ಕಡಿಮೆ ಇರಲೇಬಾರದು.

ಗುಜರಿಯಲ್ಲಿ ಏನು ನೋಡಬೇಕು

ಬೆಂಗಳೂರಿನಲ್ಲಿ ಇಂಥವಕ್ಕೆ ಜೆ.ಸಿ. ರಸ್ತೆ ಮತ್ತು ಶಿವಾಜಿನಗರದ ಗುಜರಿ ಹೆಸರುವಾಸಿ. ಉಳಿದ ಊರುಗಳಲ್ಲೂ ಹಳೆ ಗಾಡಿ ಬಿಚ್ಚುವ ಒಂದೆರಡು ಅಂಗಡಿಗಳು ಇದ್ದೇ ಇರುತ್ತವೆ. ಟೇಪು, ನೇರ ಪಟ್ಟಿ, ತಂತಿ ಬ್ರಶ್, ಸೀಮೆಸುಣ್ಣ ಜೊತೆಗಿರಲಿ. ಅಂಗಡಿಯವರು ಮೊದಲು ನಗುತ್ತಾರೆ. ನೀವು ಕೂತು ಅಳೆಯತೊಡಗಿದ ಮೇಲೆ ಒಳಗಿಂದ ಒಳ್ಳೆಯ ಮಾಲು ತಂದು ತೋರಿಸುತ್ತಾರೆ. ಇದು ನನ್ನ ಅನುಭವ.

ರಿಮ್ಮನ್ನು ನೆಲದ ಮೇಲೆ ಉರುಳಿಸಿ ನೋಡಿ, ತೂಗಾಡಿದರೆ ಬೆಂಡಾಗಿದೆ. ಸಾಧ್ಯವಾದರೆ ಬ್ಯಾಲೆನ್ಸಿಂಗ್ ಯಂತ್ರದಲ್ಲಿ ತಿರುಗಿಸಿ. ನಟ್ ಕೂರುವ ಕುಳಿಗಳು ಮೊಟ್ಟೆಯಾಕಾರಕ್ಕೆ ಸವೆದಿದ್ದರೆ ಬಿಟ್ಟುಬಿಡಿ. ಆ ಕುಳಿಗಳ ಸುತ್ತ ಮತ್ತು ನಡುತಟ್ಟೆ ರಿಮ್ಮಿಗೆ ಸೇರುವ ವೆಲ್ಡಿಂಗ್ ಸುತ್ತ ಕೂದಲೆಳೆಯ ಬಿರುಕಿದೆಯೇ ನೋಡಿ. ಹೊಸದಾಗಿ ದಪ್ಪಗೆ ಬಣ್ಣ ಬಳಿದಿದ್ದರೆ ಅನುಮಾನವಿರಲಿ. ಬಣ್ಣದಡಿಯಲ್ಲಿ ತುಕ್ಕೂ ಇರಬಹುದು, ಬಿರುಕೂ ಇರಬಹುದು. ಟ್ಯೂಬ್‌ಲೆಸ್ ಟೈರು ಹಾಕುವುದಾದರೆ ರಿಮ್ಮಿನ ಒಳಭಾಗದಲ್ಲಿ ಟೈರಿನ ಅಂಚು ಜಾರದಂತೆ ತಡೆಯುವ ಸಣ್ಣ ಉಬ್ಬು ಇರಬೇಕು. ಹಳೆಯ ರಿಮ್‌ಗಳಲ್ಲಿ ಅದು ಇರದಿದ್ದರೆ ಟ್ಯೂಬ್ ಹಾಕಿಯೇ ಓಡಿಸಬೇಕು.

ಅಲಾಯ್ ಯಾಕೆ ಬೇಡ ಎಂದು ಕೇಳಬಹುದು. ಒಳ್ಳೆಯ ಅಲಾಯ್ ಒಳ್ಳೆಯದೇ. ಆದರೆ ನಮ್ಮ ಗುಂಡಿಗಳಲ್ಲಿ ಸ್ಟೀಲ್ ರಿಮ್ ಬಗ್ಗುತ್ತದೆ, ಅಲಾಯ್ ಒಡೆಯುತ್ತದೆ. ಸಣ್ಣದಾಗಿ ಬಗ್ಗಿದ ಸ್ಟೀಲನ್ನು ಹೋಬಳಿಯ ಪಂಚರ್ ಅಂಗಡಿಯಲ್ಲೂ ಸರಿ ಮಾಡಿ ಮನೆಗೆ ಮುಟ್ಟಿಸುತ್ತಾರೆ. ಬೆಲೆಯೂ ಕಡಿಮೆ. ಎಲ್ಲಕ್ಕಿಂತ ಮುಖ್ಯವಾಗಿ, ಹಳೆಯ ಕಾರಿಗೆ ಸ್ಟೀಲ್ ಚಕ್ರವೇ ಒಪ್ಪುತ್ತದೆ. ಇಳಕಲ್ ಸೀರೆಗೆ ಬೇರೆ ಯಾವುದೋ ಸೆರಗು ಹೊಲಿದಂತೆ ಆಗಬಾರದು.

ವೆಲ್ಡಿಂಗ್ ಚಕ್ರದ ಕಥೆ

ಈಗ ನಾನು ಗಟ್ಟಿಯಾಗಿ ವಿರೋಧಿಸುವ ಒಂದು ವಿಷಯ. ಅಗಲದ ರಿಮ್ ಸಿಗದಿದ್ದಾಗ ಇರುವ ರಿಮ್ಮನ್ನೇ ಸುತ್ತಲೂ ಕತ್ತರಿಸಿ, ನಡುವೆ ಒಂದೆರಡು ಇಂಚಿನ ತಗಡಿನ ಪಟ್ಟಿ ಸೇರಿಸಿ ವೆಲ್ಡ್ ಮಾಡಿ ಅಗಲಗೊಳಿಸುವವರು ಇದ್ದಾರೆ. ಹೊರದೇಶಗಳಲ್ಲಿ ಸರಿಯಾದ ಯಂತ್ರ, ಸರಿಯಾದ ಪರೀಕ್ಷೆಯೊಂದಿಗೆ ಇದನ್ನು ಮಾಡುವ ಪರಿಣತರಿದ್ದಾರೆ, ನಿಜ. ಆದರೆ ನಮ್ಮಲ್ಲಿ ಗೇಟು, ಕಿಟಕಿ ಗ್ರಿಲ್ ಮಾಡುವ ವೆಲ್ಡಿಂಗ್ ಯಂತ್ರದಿಂದಲೇ ಇದೂ ನಡೆಯುತ್ತದೆ.

ನನ್ನ ಸಹಪಾಠಿಯೊಬ್ಬ ಓದುತ್ತಲೇ ಸಂಜೆ ಊಟ ತಲುಪಿಸುವ ಕೆಲಸ ಮಾಡಿ ಕೂಡಿಟ್ಟ ಹಣದಲ್ಲಿ ಇಂಥ ನಾಲ್ಕು ಚಕ್ರ ಮಾಡಿಸಿದ್ದ. ಅಂಗಡಿಯವರು ‘ಕಂಪನಿ ಮಾಲಿನಷ್ಟೇ ಗಟ್ಟಿ’ ಎಂದಿದ್ದರು. ಮೊದಲ ವಾರದಿಂದಲೇ ಎರಡು ಚಕ್ರಗಳಲ್ಲಿ ಗಾಳಿ ಇಳಿಯತೊಡಗಿತು. 60 ದಾಟಿದರೆ ಸ್ಟೀರಿಂಗ್ ನಡುಗುತ್ತಿತ್ತು. ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗಲಿಲ್ಲ. ಕೊನೆಗೆ ಟೈರು ಬಿಚ್ಚಿದ ಹುಡುಗ ವೆಲ್ಡಿಂಗಿನ ಪಕ್ಕದಲ್ಲೇ ಗೇಣುದ್ದದ ಬಿರುಕು ತೋರಿಸಿದ. ಆ ವಾರವೇ ಅವನು ಅಪ್ಪ, ಅಮ್ಮ, ತಂಗಿಯನ್ನು ಕೂರಿಸಿಕೊಂಡು ಘಟ್ಟ ಇಳಿಯುವವನಿದ್ದ. ಅಂಗಡಿಯವರು ಹಣವನ್ನೂ ಕೊಡಲಿಲ್ಲ, ತಪ್ಪನ್ನೂ ಒಪ್ಪಲಿಲ್ಲ. ರಸೀದಿಯೇ ಇರಲಿಲ್ಲವಲ್ಲ.

ಚಕ್ರ ಎನ್ನುವುದು ಸೈಲೆನ್ಸರ್ ಅಲ್ಲ, ಸ್ಟಿಕ್ಕರ್ ಅಲ್ಲ. ಅದು ಕೆಟ್ಟರೆ ಸದ್ದು ಮಾಡಿ ನಿಲ್ಲುವುದಿಲ್ಲ, ಕಾರನ್ನೇ ಎಳೆದುಕೊಂಡು ಹೋಗುತ್ತದೆ. ಎದುರಿನಿಂದ ಬರುವ ಬೈಕಿನವನಿಗೆ ನಿಮ್ಮ ಶೋಕಿಯ ಪರಿಚಯವೂ ಇರುವುದಿಲ್ಲ. ಅಗ್ಗದ ಸ್ಪೇಸರ್ ಹಾಕಿ ಚಕ್ರವನ್ನು ಹೊರಕ್ಕೆ ತಳ್ಳುವುದು, ಮಡ್‌ಗಾರ್ಡಿನ ಅಂಚು ಕತ್ತರಿಸಿ ಜಾಗ ಮಾಡುವುದು, ಇವಕ್ಕೂ ನನ್ನ ವಿರೋಧವಿದೆ. ಕತ್ತರಿಸಿದ ಅಂಚಿನಲ್ಲಿ ಮುಂದಿನ ಮಳೆಗಾಲಕ್ಕೆ ತುಕ್ಕು ಕೂರುತ್ತದೆ. ಕತ್ತರಿಸಿದ್ದನ್ನು ಮತ್ತೆ ಜೋಡಿಸಲು ಆಗದು.

ಹಾಕಿದ ಮೇಲೂ ಒಂದು ಪರೀಕ್ಷೆ ಇದೆ. ಸ್ಟೀರಿಂಗನ್ನು ಎಡಗಡೆಯ ಕೊನೆಯಿಂದ ಬಲಗಡೆಯ ಕೊನೆಯವರೆಗೆ ತಿರುಗಿಸಿ ಒಳಗೆ ಎಲ್ಲೂ ತಾಗದೆಂದು ಖಾತ್ರಿ ಮಾಡಿಕೊಳ್ಳಿ. ಅನುಮಾನವಿದ್ದ ಜಾಗದಲ್ಲಿ ಮಕ್ಕಳು ಆಡುವ ಬಣ್ಣದ ಮಣ್ಣಿನ ಉಂಡೆ ಅಂಟಿಸಿ, ನಾಲ್ಕು ಜನರನ್ನು ಕೂರಿಸಿ ಉಬ್ಬುತಗ್ಗಿನ ರಸ್ತೆಯಲ್ಲಿ ನಿಧಾನವಾಗಿ ಒಂದು ಸುತ್ತು ಹೋಗಿ ಬನ್ನಿ. ಮಣ್ಣು ಜಜ್ಜಿಹೋಗಿದ್ದರೆ ಚಕ್ರ ತಾಗುತ್ತಿದೆ ಎಂದರ್ಥ. ಐವತ್ತು, ನೂರು ಕಿಲೋಮೀಟರ್ ಓಡಿದ ಮೇಲೆ ನಟ್‌ಗಳನ್ನು ಮತ್ತೊಮ್ಮೆ ಬಿಗಿಸಿ. ಅಲೈನ್‌ಮೆಂಟ್ ಮರೆಯಬೇಡಿ.

ಕಾನೂನು ಏನು ಹೇಳುತ್ತದೆ, ಏನು ಹೇಳಬೇಕು

ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ಹೇಳಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ನಂತರ ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಹಾಕಲು ಅವಕಾಶವಿದೆ. ಹಾಗಾಗಿ ಚಕ್ರ ಬದಲಿಸುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ಲಿಖಿತವಾಗಿ ಕೇಳಿ, ವಿಮಾ ಕಂಪನಿಗೂ ತಿಳಿಸಿ. ಬಾಯಿಮಾತಿನ ‘ಏನಾಗಲ್ಲ ಬಿಡಿ’ ಅಪಘಾತದ ದಿನ ಉಪಯೋಗಕ್ಕೆ ಬರುವುದಿಲ್ಲ.

ಈ ಕಾನೂನಿನ ಉದ್ದೇಶವನ್ನು ನಾನು ಒಪ್ಪುತ್ತೇನೆ. ವೆಲ್ಡಿಂಗ್ ಚಕ್ರದಂಥವನ್ನು ತಡೆಯಲು ಅದು ಬೇಕು. ಆದರೆ ಅದೇ ಕಂಪನಿ, ಅದೇ ಪಿಸಿಡಿಯ, ಅರ್ಧ ಇಂಚು ಅಗಲದ ಕಾರ್ಖಾನೆ ರಿಮ್ಮನ್ನೂ, ಗಲ್ಲಿಯಲ್ಲಿ ಬೆಸೆದ ರಿಮ್ಮನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ತಯಾರಿಕೆ ನಿಂತುಹೋದ ಹಳೆಯ ಮಾದರಿಗಳಿಗೆ ಯಾವ ಯಾವ ರಿಮ್, ಯಾವ ಯಾವ ಟೈರು ಹಾಕಬಹುದು ಎಂಬ ಪಟ್ಟಿಯನ್ನು ತಯಾರಕರಿಂದ ಪಡೆದು ಸಾರಿಗೆ ಇಲಾಖೆ ಪ್ರಕಟಿಸಬೇಕು. ಆಗ ಪ್ರಾಮಾಣಿಕವಾಗಿ ಮಾಡುವವನಿಗೆ ದಾರಿ ಸಿಗುತ್ತದೆ, ಕಳ್ಳದಾರಿಯವನು ಸುಲಭವಾಗಿ ಸಿಕ್ಕಿಬೀಳುತ್ತಾನೆ.

ಹಳೆ ಕಾರು ಇಟ್ಟುಕೊಳ್ಳುವುದೇ ಈಗ ಸುಲಭವಲ್ಲ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ಇನ್ನೊಂದು ಕಡೆ, 50 ವರ್ಷ ದಾಟಿದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸುವ ನಿಯಮ 2021ರಲ್ಲಿ ಬಂದಿದೆ. ಹೊಸ ನೋಂದಣಿಗೆ 20,000 ರೂಪಾಯಿ. ಚಾಸಿ, ಬಾಡಿ, ಎಂಜಿನ್ನಿನಲ್ಲಿ ಭಾರಿ ಬದಲಾವಣೆಯಾಗದೆ ಮೂಲರೂಪ ಉಳಿದಿರಬೇಕು ಎಂಬುದು ಷರತ್ತು. ಮೊದಲ ಮಾರುತಿ 800ಗಳಿಗೆ 50 ತುಂಬುವುದು 2033ರಲ್ಲಿ. ಅಂದರೆ ಇಂದು ನಮ್ಮ ಕೈಯಲ್ಲಿರುವುದು ನಾಳೆಯ ವಿಂಟೇಜ್ ಕಾರು. ಆದ್ದರಿಂದಲೇ ಹೇಳುತ್ತೇನೆ, ಅಗಲದ ಚಕ್ರ ಹಾಕಿದರೂ ಮೂಲದ ನಾಲ್ಕು ರಿಮ್‌ಗಳನ್ನು, ಅವುಗಳ ಮುಚ್ಚಳಗಳನ್ನು ಗುಜರಿಗೆ ಕೊಡಬೇಡಿ. ಎಣ್ಣೆ ಸವರಿ ಅಟ್ಟದ ಮೇಲಿಡಿ.

ಚಕ್ರದಿಂದ ಕೆಲಸದವರೆಗೆ

ಇದೆಲ್ಲ ಕಾರಿನ ಹುಚ್ಚಿರುವವರ ವಿಷಯ, ಕೆಲಸ ಹುಡುಕುವವರಿಗೆ ಇದರಿಂದೇನು ಎಂದು ಕೆಲವರಿಗೆ ಅನಿಸಬಹುದು. ನಾನು ಡಿಪ್ಲೊಮಾದಲ್ಲಿ ಕ್ಯಾಂಬರ್, ಕ್ಯಾಸ್ಟರ್, ಟೋ-ಇನ್, ಆಫ್‌ಸೆಟ್ ಎಂಬ ಪದಗಳನ್ನು ಓದಿದ್ದೆ. ಐದು ಅಂಕದ ಪ್ರಶ್ನೆಗೆ ಚಿತ್ರ ಬರೆದು ಉತ್ತರಿಸಿಯೂ ಇದ್ದೆ. ಆದರೆ ಅವು ನಿಜವಾಗಿ ಅರ್ಥವಾದದ್ದು ಗುಜರಿಯಲ್ಲಿ ಮಂಡಿಯೂರಿ ರಿಮ್ ಅಳೆದಾಗ. ಅಲ್ಲಿ ಕೆಲಸ ಮಾಡುವ, ಶಾಲೆಯ ಮೆಟ್ಟಿಲು ಹೆಚ್ಚು ಹತ್ತದ ಹಿರಿಯರೊಬ್ಬರು ರಿಮ್ಮನ್ನು ಒಮ್ಮೆ ತಟ್ಟಿ ಸದ್ದು ಕೇಳಿಯೇ ಬಿರುಕಿನ ಅನುಮಾನ ಹೇಳುತ್ತಿದ್ದರು. ಅವರ ಕಿವಿಯ ಜ್ಞಾನ ನಮ್ಮಲ್ಲಿಲ್ಲ, ನಮ್ಮ ಲೆಕ್ಕ ಅವರಿಗಿಲ್ಲ. ಇವೆರಡೂ ಸೇರುವ ಜಾಗ ನಮ್ಮ ಕಾಲೇಜುಗಳಲ್ಲಿ ಇಲ್ಲದಿರುವುದೇ ಕೊರತೆ.

ಐಟಿಐ, ಪಾಲಿಟೆಕ್ನಿಕ್ಕುಗಳ ಪ್ರಯೋಗಾಲಯದಲ್ಲಿ ನಾಲ್ಕು ಬೇರೆ ಬೇರೆ ಕಾರುಗಳ ಹಳೆಯ ರಿಮ್ ತಂದಿಡಲು ಹೆಚ್ಚು ಖರ್ಚಿಲ್ಲ. ‘ಇವುಗಳಲ್ಲಿ ಯಾವುದು ಈ ಕಾರಿಗೆ ಸುರಕ್ಷಿತ, ಯಾಕೆ?’ ಎಂಬ ಒಂದೇ ಪ್ರಶ್ನೆ ಕೊಟ್ಟರೆ ಇಡೀ ಅಧ್ಯಾಯ ಕಲಿತಂತಾಗುತ್ತದೆ. ಹಳೆ ಕಾರುಗಳನ್ನು ಸರಿಪಡಿಸುವ ಗ್ಯಾರೇಜುಗಳಿಗೆ, ಟೈರು ಅಂಗಡಿಗಳಿಗೆ, ವಿಮೆಯ ಸರ್ವೇಯರ್ ಕೆಲಸಕ್ಕೆ ಬೇಕಾಗಿರುವುದು ಹೀಗೆ ಅಳೆದು, ಬರೆದು, ಕಾರಣ ಹೇಳಬಲ್ಲವರು. ‘ಆಗುತ್ತೆ ಸಾರ್’ ಎನ್ನುವವರು ಎಲ್ಲೆಲ್ಲೂ ಇದ್ದಾರೆ. ‘ಇದು ಆಗಲ್ಲ, ಯಾಕೆಂದರೆ ಒಳಗೆ ಎಂಟು ಮಿಲಿಮೀಟರ್ ಜಾಗ ಸಾಲದು’ ಎನ್ನುವವರು ಕಡಿಮೆ. ಎರಡನೆಯವರ ಮಾತಿಗೆ ಗಿರಾಕಿ ಹಣ ಕೊಡುತ್ತಾನೆ.

ಅಗಲ ಚಕ್ರದ ಆಸೆ ಇರುವ ಗೆಳೆಯ ಗೆಳತಿಯರಿಗೆ ಕೊನೆಯದಾಗಿ ಇಷ್ಟು. ಆಸೆಯನ್ನು ಬಿಡಬೇಡಿ, ಆತುರ ಬಿಡಿ. ಒಂದು ನೋಟ್‌ಬುಕ್ಕಿನಲ್ಲಿ ನಿಮ್ಮ ಕಾರಿನ ಐದೂ ಅಳತೆಗಳನ್ನು ಬರೆದಿಟ್ಟುಕೊಳ್ಳಿ. ಅರ್ಧ ಇಂಚು ಸಾಕಾದರೆ ಒಂದಕ್ಕೆ ಹೋಗಬೇಡಿ, ಒಂದು ಸಿಕ್ಕರೆ ಎರಡಕ್ಕೆ ಆಸೆಪಡಬೇಡಿ. ರಸೀದಿ ಇಲ್ಲದೆ ಹಣ ಕೊಡಬೇಡಿ. ಸರಿಯಾದ ರಿಮ್ ಸಿಗಲು ಆರು ತಿಂಗಳು ಹಿಡಿದರೆ ಹಿಡಿಯಲಿ, ಅಲ್ಲಿಯವರೆಗೆ ಹಳೆಯ ಚಕ್ರಗಳು ಹೇಗೂ ಓಡುತ್ತಿವೆ. ನಮ್ಮ ಹಿರಿಯರು ಸಾಲ ತೀರಿಸಿ ತಂದ ಕಾರು ಅದು. ಅದರಲ್ಲಿ ಕೂತವರು ಸುರಕ್ಷಿತವಾಗಿ ಮನೆ ತಲುಪುವುದು ಎಲ್ಲಕ್ಕಿಂತ ಮೊದಲು. ಅಂದವಾಗಿ ಕಾಣುವುದು ಆಮೇಲಿನದು.